ಎಕ್ಸ್-ರೇ ಚೆಂದ ಉಂಟು

"ಎಕ್ಸ್-ರೇ ಚೆಂದ ಉಂಟು" ಅಂದರು ಡಾಕ್ಟ್ರು,
ಮದುವೆಯ ಫೋಟೊ ನೋಡುವವರ ಹಾಗೆ
ಬೆಳಕಿಗೆ ಹಿಡಿದು.
ನಾನೂ ನೋಡಿದೆ.
ಕಪ್ಪು ನೀರಿನೊಳಗೆ ಬೆಳ್ಳನೆ ಒಂದು ಚೆಂಡು,
ಅದರ ಮೇಲೆ ಕವುಚಿದ ಬಟ್ಟಲು,
ತೊಡೆಯೆಲುಬಿನೊಳಗೆ ಇಳಿದ ಉದ್ದನೆ ಮೊಳೆ.
ಎಲ್ಲ ಅದರದರ ಜಾಗದಲ್ಲಿ.
ನೋವು ಮಾತ್ರ ಫೋಟೊಗೆ ನಿಂತಿರಲಿಲ್ಲ.

ಇಪ್ಪತ್ತೆಂಟು ವರ್ಷ ಸ್ಟೇಟ್ ಬ್ಯಾಂಕ್–ಸುರತ್ಕಲ್ ಲೈನಿನಲ್ಲಿ
ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಇನ್ನೊಂದು ಗಾಳಿಯಲ್ಲಿ.
ನಿಲ್ಲುವ ಮೊದಲು ಹಾರುತ್ತಿದ್ದೆ,
ಹೊರಟ ಮೇಲೆ ಹತ್ತುತ್ತಿದ್ದೆ.
ಗಾಳಿಯಲ್ಲಿದ್ದದ್ದು ಎಡಗಾಲು.
ಹೋದದ್ದೂ ಅದೇ.

ಈಗ ರೂಟು ಸಣ್ಣದು.
ಮಂಚದಿಂದ ಬಚ್ಚಲಿಗೆ ಹತ್ತೊಂಬತ್ತು ಹೆಜ್ಜೆ.
ಮಂಚವೇ ಸ್ಟೇಟ್ ಬ್ಯಾಂಕ್,
ಹೊಸ್ತಿಲು ಹಂಪನಕಟ್ಟೆ, ಅಲ್ಲಿ ಯಾವಾಗಲೂ ಜಾಮ್.
ಫ್ರಿಜ್ಜಿಗೆ ಕೈ ತಾಗಿದರೆ ಲಾಲ್‌ಬಾಗ್.
ಕೊಟ್ಟಾರ ಚೌಕಿ ದಾಟುವಾಗ ಒಳತೊಡೆಯಲ್ಲಿ
ಯಾರೋ ಸ್ಕ್ರೂ ತಿರುಗಿಸಲು ಕೂತಿರುತ್ತಾರೆ.
ರಾತ್ರಿ ಎರಡೂವರೆಯ ಟ್ರಿಪ್ಪು.
ಇರುವವ ಒಬ್ಬನೇ ಪ್ಯಾಸೆಂಜರ್, ಪಾಸಿನವ,
ಸುರತ್ಕಲ್ ಬಂತು ಮಾರಾಯ ಅಂದರೂ ಇಳಿಯುವುದಿಲ್ಲ.

ಬಗ್ಗಬಾರದು, ತೊಂಬತ್ತು ಡಿಗ್ರಿಗಿಂತ ಹೆಚ್ಚು.
ನೆಲದಲ್ಲಿ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು.
ಬೂತಾಯಿ ಗಸಿ ಉಣ್ಣುವುದೂ ಎತ್ತರದ ಕುರ್ಚಿಯಲ್ಲಿ,
ಬ್ಯಾಂಕ್ ಮ್ಯಾನೇಜರನ ಹಾಗೆ.
ಆರನೇ ವಾರ ಹಾಲಿನವನಿಗೆ ಎಣಿಸಿಟ್ಟ ಚಿಲ್ಲರೆಯಲ್ಲಿ
ಎರಡು ರೂಪಾಯಿ ಜಾರಿ ಮಂಚದಡಿಗೆ ಉರುಳಿತು.
ಜನ್ಮವಿಡೀ ಚಿಲ್ಲರೆ ಹಿಡಿದ ಕೈ,
ಅದಕ್ಕೆ ಎಂತ ಗೊತ್ತು ಡಿಗ್ರಿ?
ಟಕ್.
ಚೆಂಡು ಬಟ್ಟಲು ಬಿಟ್ಟು ಹೊರಗೆ.
ನಾನು ಕೂಗಿದ್ದು ಕೂಳೂರು ಸೇತುವೆ ದಾಟಿರಬೇಕು.

ಮಾರ್ಚಿನಲ್ಲಿ ಇನ್ನೊಮ್ಮೆ,
ಬರೀ ನಿದ್ದೆಯಲ್ಲಿ ಹೊರಳಿದ್ದಕ್ಕೆ.
ಎರಡು ಸಲವೂ ಮಂಪರು ಬರಿಸಿ ಎಳೆದು ಕೂರಿಸಿದರು.
ಮೂರನೇ ಸಲ ಆದರೆ ಬಿಚ್ಚಿ ಪಾರ್ಟ್ ಬದಲಿಸಬೇಕಂತೆ.
ಗ್ಯಾರೇಜಿನ ಭಾಷೆ, ಬೇಗ ಅರ್ಥವಾಯಿತು.

ಅಂದಿನಿಂದ ವಾರಿಜ
ನನ್ನ ಮಂಡಿಗಳ ನಡುವೆ ದಿಂಬು ಸಿಕ್ಕಿಸಿ
ತಾನು ಕೆಳಗೆ ಚಾಪೆಯಲ್ಲಿ,
ನನ್ನ ಲುಂಗಿಯ ಚುಂಗು ಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ,
ಹಳೆ ಬಸ್ಸಿನ ಗಂಟೆಹಗ್ಗದ ಹಾಗೆ.
ನಾನು ಅಲುಗಿದರೆ ಅವಳಿಗೆ ಸ್ಟಾಪ್.

ನಿದ್ದೆ ಬಾರದಾಗ ಬರುವವಳು
ಬೈಕಂಪಾಡಿಯಲ್ಲಿ ಹತ್ತಿದ ಒಬ್ಬಳು ಮುದುಕಿ.
ಹೆಸರು ಕೇಳಿದವನಲ್ಲ.
ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು,
ಒಂದು ಕಾಲು ಮೆಟ್ಟಿಲಲ್ಲಿ.
ಇನ್ನೊಂದು ಬರುವ ಮೊದಲೇ ವಿಸಿಲ್ ಊದಿದ್ದೆ.
"ದುಂಬು ಪೋಲೆ, ದುಂಬು ಪೋಲೆ."
ಬೀಳಲಿಲ್ಲ. ಕಂಬಿಗೆ ಜೋತು ಹೇಗೋ ಒಳಗೆ ಬಂದಳು.
ಚಿಲ್ಲರೆ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.
ನಾನು ಅವತ್ತು ಎರಡು ನಿಮಿಷ ಲೇಟಿದ್ದೆ, ಅಷ್ಟೆ.
ಎರಡೇ ನಿಮಿಷ.

ಕಾಲು ಅರ್ಧ ಬೆರಳು ಗಿಡ್ಡ ಆಗಿದೆ.
ನನ್ನ ಡ್ರೈವರ್ ಇದಿನಬ್ಬ ರಿಕ್ಷಾ ತಂದು,
ಹತ್ತಿಸುವಾಗ ಹಿಂದೆ ಕೈ ಅಡ್ಡ ಹಿಡಿದು,
ಚಪ್ಪಲಿ ಹೊಲಿಯುವವನ ಹತ್ತಿರ ಕರೆದೊಯ್ದ.
ಅವ ಟೇಪು ಹಿಡಿಯಲಿಲ್ಲ. ಹೆಬ್ಬೆರಳಿನಲ್ಲೇ ಅಳೆದು
ಹಳೆ ಟಯರಿನ ತುಂಡು ಕೊಯ್ದು ಎಡದ್ದಕ್ಕೆ ಅಂಟಿಸಿದ.
"ಯಾವ ಬಸ್ಸಿನದ್ದು?" ತಮಾಷೆಗೆ ಕೇಳಿದೆ.
ಇದಿನಬ್ಬ ನಗಲಿಲ್ಲ.
ನೂಲಿನ ಪದರ ಉಗುರಿನಲ್ಲಿ ಕೆರೆದು ನೋಡಿ
"ಹಿಂದಿನ ಚಕ್ರದ್ದು" ಅಂದ.

ಹೆಜ್ಜೆ ಸಮ ಆಯಿತು. ನೋವು ಆಗಿಲ್ಲ.
ಆ ಎರಡು ರೂಪಾಯಿ ಇನ್ನೂ ಮಂಚದಡಿ ಉಂಟು.
ವಾರಿಜ ಅದನ್ನು ಬಿಟ್ಟು ಸುತ್ತ ಗುಡಿಸುತ್ತಾಳೆ,
ಯಾಕೆಂದು ನಾನು ಕೇಳಿಲ್ಲ.

ಎರಡೂವರೆ.
ಬಗ್ಗದೆ, ಕಾಲಿನಲ್ಲೇ ತಡಕಿ ಚಪ್ಪಲಿ ಹುಡುಕುತ್ತೇನೆ.
ಬಲ ಹೋಯಿತು.
ಎಡ, ತಡೆ.
ಎರಡೂ ಒಳಗೆ ಬಂದ ಮೇಲೆಯೇ
ಮೆಲ್ಲ ಹೇಳುತ್ತೇನೆ,
ರೈಟ್.