ಗುಡಿಸು

ದೇವಗಿರಿ ಗುಡ್ಡದ ಮ್ಯಾಲೆ ಕಲೆಕ್ಟರ್ ಆಫೀಸು.
ರಾಣೆಬೆನ್ನೂರಿನ ಮೊದಲ ಬಸ್ಸಿಗೆ ಬಂದು
ಹನ್ನೊಂದೂವರಿತನಾ ಕಟ್ಟಿ ಮ್ಯಾಲೆ ಕುಂತೇವಿ:
ನಾನು, ನಮ್ಮನಿಯವರು, ಬ್ಲೌಸ್ ಹೊಲಿಯೋ ನೀಲವ್ವ,
ದಾರ ಕಟ್ಟಿದ ಫೈಲು.
ನೀಲವ್ವ ಸಾಕ್ಷಿ. ನನ್ನ ನಡತಿ ಚಲೋ ಐತಿ ಅಂತ
ಸ್ಟ್ಯಾಂಪ್ ಕಾಗದದ ಮ್ಯಾಲೆ ಸಹಿ ಮಾಡಿದಾಕಿ.
"ನಡತಿ ಅಂದ್ರೇನು ಅಂತ ಕೇಳಿದ್ರ ಏನ್ ಹೇಳ್ಲಿ,
ಉದ್ರಿ ಇಟ್ಟಿಲ್ಲ ಅಂತೇನ?"

ಪೇಪರಿನ್ಯಾಗೂ ಹಾಕಿಸಿದ್ವಿ, ಕಾಯ್ದೆ ಹಂಗ:
ವಿಶ್ನಿ, ಗಂಡ ಘನಶ್ಯಾಮ ಕೇವಲರಾಮಾಣಿ,
ಈಕೆಗೆ ಪೌರತ್ವ ಕೊಡಲು ಯಾರದಾದರೂ ತಕರಾರು ಇದ್ದಲ್ಲಿ...
ತಿಂಗಳ ಮ್ಯಾಲೆ ಆ ಹಾಳಿ
ಮಿರ್ಚಿ ಸುತ್ತಿಸ್ಕೊಂಡು ನಮ್ಮ ಮನಿಗೇ ಬಂತು.
ತಕರಾರಿನ ಮ್ಯಾಲೆ ಎಣ್ಣಿ ಹರಡಿ
ಹಿಂದಿನ ಪುಟದ ಗೋವಿನಜೋಳದ ದರ ಕಾಣತಿತ್ತು.

ಒಳಗ ಕರದ್ರು.
ಸಾಹೇಬರ ಟೇಬಲ್ ಮ್ಯಾಲೆ ನನ್ನ ಹಸರು ಪಾಸ್‌ಪೋರ್ಟು,
ಅದರೊಳಗ ಹತ್ತೊಂಬತ್ತರ ನಾನು,
ನಗಬಾರದು ಅಂದಿದ್ದಕ್ಕ ನಗದ ನಾನು.
"ಊರು ಬಿಟ್ಟು ಎಲ್ಲೆಲ್ಲಿ ಹೋಗೀರಿ?"
ಎಲ್ಲೂ ಇಲ್ರಿ. ಪರವಾನಿಗಿ ಇಷ್ಟಕ್ಕ ಐತ್ರಿ.
ಹೊಳಿ ಆಚಿ ಹರಿಹರ, ಬ್ಯಾರೆ ಜಿಲ್ಲಾ.
ಸೇತುವಿ ತನಕ ಹೋಗಿ ಹೊಳ್ಳಿ ಬಂದೀನ್ರಿ, ಎರಡು ಸಲ.
"ಅಲ್ಲಿ ಯಾರದಾರ?"
ತಂಗಿ, ಅಂದೆ.
ಅವ್ವ ಅಂತ ಬಾಯಿಗೆ ಬಂದಿತ್ತು.
ಅವ್ವ ಹೋಗಿ ನಾಕು ವರ್ಷ.
ಮೊಬೈಲಿನ್ಯಾಗ ನೋಡಿದ್ದೆ, ಚಾರ್ಜು ಇರೂತನಕ.

"ಹುಟ್ಟಿದ ಊರು?"
ಶಿಕಾರಪುರ.
ಗುಮಾಸ್ತ ತಲಿ ಎತ್ತದ ಟಪಟಪ ಹೊಡದ:
ಶಿಕಾರಿಪುರ, ಜಿಲ್ಲಾ ಶಿವಮೊಗ್ಗ.
ಪಿನ್‌ಕೋಡನ್ನ ಕಂಪ್ಯೂಟರ್ ತಾನ ತುಂಬಿಕೊಂಡಿತು.

ಒಂದು ಉಸಿರಿನಷ್ಟು ಹೊತ್ತು
ನಾನು ಅಲ್ಲಿ ಹುಟ್ಟಿದೆ.
ಹಿರೇಕೆರೂರು ದಾಟಿ, ಶಿರಾಳಕೊಪ್ಪ ದಾಟಿ
ಬಸ್ಸಿನ್ಯಾಗ ಮೂರು ತಾಸು ತವರು.
ಪಂಚಮಿಗೆ ಕರಿಯಾಕ ಯಾರರ ಬರ್ತಾರ.
ತಂಗಿ ಕಿಟಕಿಯಿಂದ ಟಾವೆಲ್ ಒಗದು ಸೀಟು ಹಿಡಿತಾಳ.
ಅವ್ವನ ಕಾಲು ತಣ್ಣಗಾಗೂದ್ರಾಗ ನಾ ಮುಟ್ಟಿರತೀನಿ.
ಸುಮ್ಮನಿದ್ರ ಆತು.
ನಮ್ಮನಿಯವರು ತಮ್ಮ ಬೂಟು ನೋಡಾಕತ್ತಾರ.

"ಅಲ್ರಿ ಸರ," ಅಂದೆ,
"ಆ ಗುಡಿಸು ತಗೀರಿ."

"ಏನ್ ತಗೀಬೇಕು?"

"ರ-ಕಾರದ್ದು ಗುಡಿಸು. ನಂದು ಬರೇ ರ.
ಸಿಂಧದಾಗಿನ ಶಿಕಾರಪುರ.
ಮಾತಿಗೊಂದು ರಿ ಹಚ್ಚೂದು ಈ ಊರ ಕಲಿಸಿದ್ದು,
ಹಚ್ಚತೀನ್ರಿ.
ತವರಿನ ನಡುವ ಮಾತ್ರ ಬ್ಯಾಡ್ರಿ."

ಸಾಹೇಬರು ಪೆನ್ನು ಕೆಳಗ ಇಟ್ರು.
"ಗುಡಿಸು ಯಾರು ಕಲಿಸಿದ್ರು ನಿಮಗ?"
ಮಗಳ ಪಾಟಿ. ಒಂದನೆತ್ತಾ.
ಆಕಿ ಮಲಗಿದ ಮ್ಯಾಲೆ ಅಳಿಸಿ ನಾ ಬರೀತಿದ್ದೆ,
ಮುಂಜಾನೆ ಆಕಿ ತಪ್ಪು ಹುಡುಕತಿದ್ಲು.
ಮೊದಲ ದಿನ "ಮಮ್ಮಿ, ಗುಡಿಸು" ಅಂದಾಗ
ಕಸಬರಿಗಿ ತರಾಕ ಎದ್ದಿದ್ದೆ.
ಆಕಿ ಬಿದ್ದು ಬಿದ್ದು ನಕ್ಕಿದ್ಲು.

"ನಿಮ್ಮ ಸಿಂಧಿ ಸಹಿತ ಸಂವಿಧಾನದ ಪಟ್ಟಿಯೊಳಗ ಐತಿ, ತಾಯಿ.
ಅದೊಂದ ಬಂದಿದ್ರೂ ನಡೀತಿತ್ತು."
ನಾ ಹುಟ್ಟೂಕಿಂತ ಮೊದಲ ನನ್ನ ಮಾತು
ಗೇಟು ದಾಟಿ ಬಂದು ಒಳಗ ಕುಂತೈತಿ.
ಇಷ್ಟು ವರ್ಷ ಯಾರೂ ಹೇಳಿದ್ದಿಲ್ಲ.

ಗುಮಾಸ್ತ ಒಂದೊಂದ ಅಕ್ಷರ ಹಿಂದಕ್ಕ ಅಳಿಸಿದ.
ಶಿವಮೊಗ್ಗ ಹೋತು. ಪಿನ್‌ಕೋಡು ಹೋತು.
"ಇವರ ಜಿಲ್ಲಾ ಇದರಾಗ ಬರವಲ್ದು, ಸರ."
"ಇತರೆ ಅಂತ ಒತ್ತು."
ಒತ್ತಿದ.

ಬೆಂಗಳೂರಿಗೆ ಹೋಗತೈತಿ, ಅಲ್ಲಿಂದ ದಿಲ್ಲಿಗೆ, ತಿಳಸ್ತೀವಿ ಅಂದ್ರು.
ನೀಲವ್ವನ್ನ ಕರೀಲೇ ಇಲ್ಲ.
"ಬಾಯಿಪಾಠ ಮಾಡಿದ್ನಲ್ಲ ನಿನ್ನ ನಡತೀನ!"
ಸಿಟ್ಟಿಗೆ ಎರಡು ಚಾ ಕುಡದ್ಲು.

ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಒದರತಿದ್ದ:
ಶಿಕಾರಪುರ, ಶಿಕಾರಪುರ, ಶಿಕಾರಪುರ...
ಅವನ ಬಾಯಾಗ ಗುಡಿಸು ಇರಲಿಲ್ಲ.
ನೀಲವ್ವ ನನ್ನ ಸೆರಗು ಜಗ್ಗಿದ್ಲು,
"ಎಲ್ಲಿ ಹೊಂಟಿ? ಅದಲ್ಲ ನಮ್ಮ ಬಸ್ಸು."