ನಾಲ್ಕು ಅಂಕದ ಪ್ರಶ್ನೆ

ಹದಿನಾರು ವರ್ಷ ಇದೇ ಕಪ್ಪುಹಲಗೆ.
ಗೆದ್ದವನ ಹೆಸರು ದಪ್ಪಕ್ಷರದಲ್ಲಿ ಬರೆದೆ,
ಸೋತವನದು ಡಸ್ಟರಿನೊಳಗೆ ಹೋಯಿತು.
ಕಾರಣಗಳು ಐದು, ಪರಿಣಾಮಗಳು ಆರು,
ಗಂಟೆ ಬಾರಿಸಿದರೆ ಯುದ್ಧ ಮುಗಿಯಿತು.

ಅರಸೀಕೆರೆ ದಾಟಿ ಜಾವಗಲ್ ಕಡೆ ಹೊರಳಿದರೆ
ರಾಗಿಹೊಲದ ಅಂಚಿಗೆ ನಮ್ಮ ಹೈಸ್ಕೂಲು.
ಎಡಕ್ಕೆ ಬಿದರೂರು, ಬಲಕ್ಕೆ ಹೊನ್ನಗುಂದ.
ಎಂಟನೇ ಕ್ಲಾಸಿನ ಬೆಂಚುಗಳೂ ಹಾಗೆಯೇ.
ಎರಡೂರಿಗೂ ಹೆಣ್ಣು ಕೊಟ್ಟು ತರುವ ಬಳಕೆಯಿಲ್ಲ.
ಯಾಕೆ ಅಂದರೆ, "ಹಿಂದಿನಿಂದ ಇಲ್ಲ ಮಿಸ್."
ಆ ಹಿಂದೆ ಎಷ್ಟು ಹಿಂದೆ ಅಂತ
ಯಾವ ರಿಜಿಸ್ಟರಿನಲ್ಲೂ ಇಲ್ಲ.

ಕಬಡ್ಡಿಯಲ್ಲಿ ದಯಾನಂದನ ಹಲ್ಲು ಮುರಿದ ಮರುದಿನ
ಬಿಸಿಯೂಟದ ಗಂಗಮಾಳಮ್ಮನ ಹತ್ತಿರ
ಒಂದು ಲೋಟ ಅಕ್ಕಿಹಿಟ್ಟು ಕೇಳಿದೆ.
"ಪಾಠದಲ್ಲಿ ರೊಟ್ಟಿ ತಟ್ಟುತೀರಾ?"
ಹೂಂ ಅಂದೆ.
ನಲವತ್ತೊಂದು ಮಕ್ಕಳು, ಒಂದು ಬಕೆಟ್ಟು, ತೆಂಗಿನ ನಾರು.

ಬಿದರೂರಿನ ಕಲ್ಲು ಹಾಲಿನ ಡೈರಿಯ ಹಿಂದೆ,
ಸೊಂಟದವರೆಗೆ ಮಣ್ಣಲ್ಲಿ.
ಪಾಚಿ ಉಜ್ಜಿ ಹಿಟ್ಟು ಸವರಿದೆವು.
ಬೊಚ್ಚುಬಾಯಿಗೆ ಹಲ್ಲು ಬಂದ ಹಾಗೆ ಅಕ್ಷರ ಬಂದವು:
*ಹೊನ್ನಗುಂದದವರ್ ತುರುವಂ ಕೊಳೆ
ಬಿಟ್ಟೆಯಂ ಕಾದಿ ಮಗುಳ್ಚಿ ಸತ್ತಂ.*
ಎಡಬೆಂಚು ಶಿಳ್ಳೆ ಹೊಡೆಯಿತು.

ಹೊನ್ನಗುಂದದ್ದು ಬಟ್ಟೆ ಒಗೆಯುವ ಕಲ್ಲು.
ಮುಖ ಕೆಳಗೆ. ಎಂಟು ಜನ ಸೇರಿ ಹೊರಳಿಸಿದೆವು.
ಮತ್ತೆ ಹಿಟ್ಟು, ಮತ್ತೆ ಬೆರಳು:
*ಬಿದರೂರವರ್ ತುರುವಂ ಕೊಳೆ
ಕೇತಂ ಕಾದಿ ಮಗುಳ್ಚಿ ಸತ್ತಂ.*

ಈ ಸಲ ಶಿಳ್ಳೆ ಬರಲಿಲ್ಲ.
ಅದೇ ಮೂಗು, ಅದೇ ತುರುಬು, ಅದೇ ಬಾಗಿದ ಕತ್ತಿ.
ಕೆತ್ತಿದವನು ಒಬ್ಬನೇ, ಕೂಲಿ ಎರಡು.
ಮೇಲಿನ ಪಟ್ಟಿಯಲ್ಲಿ ಇಬ್ಬರಿಗೂ
ಅದೇ ಲಿಂಗ, ಅವರೇ ಸೂರ್ಯಚಂದ್ರರು.
"ಹಂಗಾದ್ರೆ ಕದ್ದೋರು ಯಾರು?" ದಯಾನಂದ
ಮುರಿದ ಹಲ್ಲಿನ ಸಂದಿಯಿಂದ ಕೇಳಿದ.
ಗಾನವಿ ಮಾತ್ರ ಕಲ್ಲಿನ ಮೂಲೆಯಲ್ಲಿ ಬೆರಳಿಟ್ಟು
ಬಾಲವಷ್ಟೇ ಉಳಿದದ್ದನ್ನು ಸವರುತ್ತಿದ್ದಳು:
"ಮಿಸ್, ಹಸುಗಳು ಏನಾದವು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.
ಹದಿನಾರು ವರ್ಷದಲ್ಲಿ ಮೊದಲ ಸಲ.

ಮಗುಳ್ಚು ಅಂದರೆ ಹಿಂದಕ್ಕೆ ತಾ ಎಂದು ಬೆಳಿಗ್ಗೆ ಕಲಿಸಿದ್ದೆ.
ಸಂಜೆ ಹೊನ್ನಗುಂದದ ಸಣ್ಣೀರಪ್ಪ ಸ್ಟಾಫ್‌ರೂಮಿಗೆ ಬಂದು
ಅದೇ ಮಾತು ಬೇರೆ ಥರ ಆಡಿದರು:
"ಕಲ್ಲು ಇದ್ದಂಗೆ ಮಗುಚಿ ಹಾಕಿಸಿ ಮೇಡಂ.
ಹೆಂಗಸರು ಬಟ್ಟೆ ಎಲ್ಲಿ ಒಗೀಬೇಕು?"
ಹೆಡ್‌ಮಾಸ್ತರರು ಸಿಲಬಸ್ಸು ಎಲ್ಲಿಗೆ ಬಂತು ಅಂದರು.
ಕಲ್ಲು ಮಗುಚಿತು.
ನಾನು ತಡೆಯಲಿಲ್ಲ. ಇದನ್ನೂ ಬರೆಯಬೇಕು.

ಅರ್ಧವಾರ್ಷಿಕ ಪರೀಕ್ಷೆ. ಪ್ರಶ್ನೆ ಹದಿನೇಳು:
ಯುದ್ಧದ ಪರಿಣಾಮಗಳನ್ನು ವಿವರಿಸಿ. ಅಂಕ ನಾಲ್ಕು.
ಗಾನವಿ ಬರೆದದ್ದು ಇಷ್ಟೇ:
"ಯುದ್ದ ಆದ ಮೇಲೂ ಹಸು ಕರೆದಿರಬೇಕು.
ಯಾರೋ ಹಾಲು ಕುಡಿದಿರಬೇಕು.
ಈಗ ಬೆಳಿಗ್ಗೆ ಎರಡೂರ ಹಾಲು
ಒಂದೇ ಟ್ಯಾಂಕರಿಗೆ ಸುರಿಯುತ್ತಾರೆ.
ಅಲ್ಲಿ ಯಾರೂ ಜಗಳ ಆಡುವುದಿಲ್ಲ."

ಮಾದರಿ ಉತ್ತರದಲ್ಲಿ ಇದಿಲ್ಲ.
ಯುದ್ಧಕ್ಕೆ ಮಹಾಪ್ರಾಣ ಕೊಟ್ಟಿಲ್ಲ ಹುಡುಗಿ,
ಅರ್ಧ ಅಂಕ ಕಳೆಯಬೇಕು.
ಕೆಂಪು ಪೆನ್ನು ಕೈಯಲ್ಲೇ ಒಣಗಿತು.

ಬಸ್ಸಿಗೆ ಹೊರಟಾಗ ಡೈರಿಯ ಹಿಂದೆ ಒಮ್ಮೆ ನಿಂತೆ.
ಮತ್ತೆ ಯಾವ ಮಕ್ಕಳು ಸವರಿದ್ದರೋ, ಹೊಸ ಹಿಟ್ಟು.
ಬಿಟ್ಟೆಯನ ಹೆಸರಿನೊಳಗಿಂದ
ಇರುವೆಸಾಲು ಅದನ್ನು ಹೊತ್ತು ಹೊರಟಿತ್ತು,
ರಸ್ತೆ ದಾಟಿ, ಆಚೆ ಊರಿನ ಕಡೆಗೆ.