ಕಡ್ಡಿ ಲೆಕ್ಕ

ಮೂವತ್ತೊಂದು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ
ಹತ್ತಿ ಅಂಡಿಗೆಗಳ ತೂಕ ಬರೆದ ಕೈ ಇದು.
ಈಗ ಬರೆಯುವುದು ಕಡ್ಡಿ.
ಯಾರು ಕೊಟ್ಟರು, ಯಾರು ಒಯ್ದರು,
ಯಾವುದು ಚಿಗುರಿತು, ಯಾವುದು ಕೊಳೆಯಿತು.

ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರಕ್ಕೆ,
ಮಾವಿನಕೆರೆಯ ದಂಡೆಯ ಬೇವಿನ ಕೆಳಗೆ.
ಏಳಾಯಿತೆಂದರೆ ರಾಯಚೂರಿನ ಬಿಸಿಲು
ವಂತಿಗೆ ಕೊಡದ ಸದಸ್ಯನ ಹಾಗೆ
ನಡುವೆ ಬಂದು ಕೂರುತ್ತದೆ.
ಸಂಘದ ಹೆಸರು ಉದ್ದ, ರಬ್ಬರ್ ಸ್ಟ್ಯಾಂಪಿನಲ್ಲಿ ಹಿಡಿಸಲಿಲ್ಲ,
ಕೊನೆಯ ಎರಡಕ್ಷರ ಬಿಟ್ಟೆವು.

ಲೈನ್‌ಮನ್ ಹುಲಿಗೆಪ್ಪ ಕಂಬ ಹತ್ತಿದಾಗ
ತಂತಿ ನೋಡುವ ಮೊದಲು ಊರಿನ ಮಾಳಿಗೆಗಳನ್ನು ನೋಡುತ್ತಾನೆ.
‘ಪಟೇಲ್ ರೋಡಿನಾಗ ಒಬ್ಬರ ಮ್ಯಾಳಗಿ ಮ್ಯಾಲ
ಹಳದಿ ದಾಸವಾಳ ಐತ್ರಿ, ಡಬಲ್ಲು,
ಅವರನ್ನ ಮೆಂಬರ್ ಮಾಡ್ರಿ.’
ಶಮೀಮುನ್ನಿಸಾ ಟೀಚರ್ ಹೋಮಿಯೋಪತಿ ಸೀಸೆಗಳಲ್ಲಿ
ಬೀಜ ತರುತ್ತಾರೆ, ಹಾಜರಿ ಕೂಗಿ ಹಂಚುತ್ತಾರೆ.
ನರ್ಸ್ ಸುವಾರ್ತಮ್ಮ ಖಾಲಿ ಸಲೈನ್ ಬಾಟಲಿ ತೊಳೆದು
ಶಾಲೆ ಕಾಂಪೌಂಡಿನ ಹೊಂಗೆ ಸಸಿಗಳಿಗೆ ಕಟ್ಟಿದಳು,
ಹನಿಗಳನ್ನು ಎಣಿಸಿ, ಗಾಲಿ ತಿರುವಿ.
ದಾರಿಹೋಕರೊಬ್ಬರು ಕೇಳಿದರು: ಯಾವ ವಾರ್ಡವ್ವಾ?
ಅವಳು ನಗಲಿಲ್ಲ. ‘ಜನರಲ್’ ಅಂದಳು.

ಮೇ ತಿಂಗಳಲ್ಲಿ ನನ್ನ ಮನೆಯ ಮೊಳೆಗೆ
ಹನ್ನೆರಡು ಮನೆಗಳ ಕೀಲಿಕೈ.
ಊರಿಗೆ ಹೋದವರ ಕುಂಡಗಳಿಗೆ ಪಾಳಿಯ ಮೇಲೆ ನೀರು.
ಅಡುಗೆಮನೆ ಕಡೆ ನೋಡಬಾರದು, ಇದೂ ನಿಯಮ.
ಇನ್ನೊಂದು: ಕಡ್ಡಿ ಒಯ್ದವರು ವರ್ಷದೊಳಗೆ
ಬೇರು ಬಿಟ್ಟದ್ದೊಂದು ತರಬೇಕು.

ಹನ್ನೆರಡು ಮನೆ ತಣಿಸಿದ ಆ ಮೇದಲ್ಲೇ
ನನ್ನ ಕಣ್ಣಿಗೆ ಪೊರೆ ಆಪರೇಷನ್,
ಹಸಿರು ಬಟ್ಟೆ ಕಟ್ಟಿಕೊಂಡು ಹದಿನೈದು ದಿನ ಗೋಡೆ ಕಡೆ.
ಹೆಂಡತಿ ಗಬ್ಬೂರಿನಿಂದ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟು ತಂದಿದ್ದ ಸೂಜಿಮಲ್ಲಿಗೆ
ನಾನು ಕಣ್ಣು ಬಿಡುವಷ್ಟರಲ್ಲಿ ಕಸಬರಿಗೆ ಕಡ್ಡಿ.
ನನ್ನ ಕೀಲಿಕೈ ಯಾರ ಮೊಳೆಗೂ ಇರಲಿಲ್ಲ.
ಅವಳು ಏನೂ ಅನ್ನಲಿಲ್ಲ, ಕುಂಡ ಬೋರಲು ಹಾಕಿದಳು.

ರಿಜಿಸ್ಟರ್ ತೆಗೆದೆ.
ನಾಲ್ಕು ವರ್ಷದ ಹಿಂದೆ ಕೊಟ್ಟದ್ದು ಒಂದೇ ಕಡ್ಡಿ.
ಆಟೋ ಮೌಲಾಲಿ, ಸೂಜಿಮಲ್ಲಿಗೆ, ಒಂದು.
ಮುಂದಿನ ಕಲಮಿನಲ್ಲಿ ನನ್ನದೇ ಅಕ್ಷರ: ಸತ್ತಿತು.

ಶ್ರಾವಣದ ಸಭೆಗೆ ಅವನು ತಡವಾಗಿ ಬಂದ.
ಹಿಂದಿನ ಸೀಟಿನಿಂದ ಇಂಜಿನ್ ಆಯಿಲಿನ ಡಬ್ಬಿ ಇಳಿಸಿದ,
ಪ್ಯಾಸೆಂಜರ್ ಇಳಿಸುವ ಜಾಗ್ರತೆಯಲ್ಲಿ.
ಅದರ ತುಂಬ ಸಣ್ಣೆಲೆ, ನಾಲ್ಕು ಮೊಗ್ಗು.
‘ಲೆಕ್ಕದಾಗ ಸುಳ್ಳು ಬರೆಸೀನ್ರಿ.
ನನಗ ಅಂಗಳ ಇಲ್ಲ, ಮ್ಯಾಳಗಿ ಇಲ್ಲ,
ಇದೊಂದ ಡಬ್ಬಿ.
ಬದುಕೇತಿ ಅಂದ್ರ ಎಲ್ಲಾರೂ ಕಡ್ಡಿ ಕೇಳ್ತಾರಂತ
ಸತ್ತೈತಿ ಅಂದೆ.
ತಾಯಿ ಸತ್ತ ಮ್ಯಾಲ ಇದು ಡಬಲ್ ಬೆಳೀತು.’

ಯಾರೂ ಮಾತಾಡಲಿಲ್ಲ.
ಹುಲಿಗೆಪ್ಪನ ಚಾಕು ಜೇಬಿನಲ್ಲೇ ಉಳಿಯಿತು.
ಟೀಚರ್ ಕನ್ನಡಕ ಒರೆಸಿದರು, ಧೂಳೇನೂ ಇರಲಿಲ್ಲ.
ಮಿಲ್ಲಿನಲ್ಲಿ ನಾನು ಒಂದು ಅಂಕಿಗೂ ಕಾಟು ಹಾಕಿದವನಲ್ಲ.
ಇಲ್ಲಿ ಹೇಗೆ ಬರೆಯುವುದು?
ಸತ್ತಿತು ಅನ್ನುವುದರ ಮುಂದೆ ಪೆನ್ನು ನಿಂತಿತು,
ಅಷ್ಟರಲ್ಲಿ ಏಳಾಯಿತು, ಆ ಸದಸ್ಯ ಬಂದ.

ಮೌಲಾಲಿಯ ಆಟೋದಲ್ಲೇ ಮನೆಗೆ ಒಯ್ದೆ.
ಬಾಡಿಗೆ ಕೊಟ್ಟರೆ ಬೇಡವೆಂದ,
ಒಂದು ಕೊನೆ ಮಾತ್ರ ಮುರಿದುಕೊಂಡು
ಹೀರೋ ಪೆನ್ನಿನಂತೆ ಶರ್ಟಿನ ಜೇಬಿಗೆ ಸಿಕ್ಕಿಸಿಕೊಂಡ.

ಹೆಂಡತಿ ಬಗ್ಗಿ ಮೂಸಿದಳು.
‘ಎಣ್ಣಿ ವಾಸನಿ’ ಅಂದಳು.
ಮತ್ತೊಮ್ಮೆ ಮೂಸಿದಳು.
ಬೋರಲು ಕುಂಡವನ್ನು ಕಾಲಿನಿಂದ ಸರಿಸಿ
ಆ ಜಾಗದಲ್ಲಿ ಡಬ್ಬಿಯನ್ನು ಹಾಗೇ ಇಟ್ಟಳು.
ಆಮೇಲೆ ಗೋಡೆಯ ಮೊಳೆಯಿಂದ ನಮ್ಮ ಮನೆ ಕೀಲಿಕೈ ತೆಗೆದು
ಅಂಗೈಯಲ್ಲಿ ತೂಗಿ ನೋಡಿ
ಕೇಳಿದಳು, ಸುವಾರ್ತಮ್ಮನ ಮನೆ ಯಾವ ಓಣಿಯಾಗೈತಿ?